ನಸುಗೆಂಪು ಗುಲಾಬಿ: ಅದರ ಅರ್ಥ ಮತ್ತು ಚರಿತ್ರೆ

ಕೆಲವು ದಿನಗಳ ಹಿಂದೆ ನಮ್ಮ ವಾಚನಾಲಯದಲ್ಲಿ ಒಂದು ಪ್ರಸಂಗ ನಡೆಯಿತು. ಜ್ವರದಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದು ಗುಣಹೊಂದಿ ಬಂದ ತರುಣ ಸದಸ್ಯರೊಬ್ಬರು, ತಮ್ಮ ಆರೈಕೆ ಮಾಡಿದ ಸಿಸ್ಟರ್ ಅವರಿಗೆ ಕೊಡಲೆಂದು ದಾದರಿನ ಹೂವಿನ ಪೇಟೆಯಿಂದ ನಾಲ್ಕು ನಸುಗೆಂಪು ಗುಲಾಬಿ ತಂದಿದ್ದರು. ಗೆಳೆಯರು ನಗೆಯಾಡಿದರು. “ಗುಲಾಬಿ ಕೊಟ್ಟರೆ ಏನರ್ಥವೆಂದು ಸಿನಿಮಾ ನೋಡಿದವರಿಗೆಲ್ಲ ಗೊತ್ತು” ಎಂದರು. ತರುಣರು ನಾಚಿ, ಹೂವನ್ನು ನಮ್ಮ ಮೇಜಿನ ಮೇಲಿಟ್ಟು, ಆಸ್ಪತ್ರೆಗೆ ಹೋಗದೆಯೇ ಉಳಿದರು. ಹೇಳಬೇಕಾದ ಕೃತಜ್ಞತೆ ಹೇಳದೆ ಹೋಯಿತಲ್ಲಾ ಎಂದು ನಮಗೆ ಖೇದವಾಯಿತು. ಗುಲಾಬಿಯೆಂದರೆ ಪ್ರೇಮವೊಂದೇ ಅರ್ಥವೇ? ಇದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಮೊದಲು ಹೆಸರನ್ನು ನೋಡೋಣ. ಪಾರಸಿ ಭಾಷೆಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಅಂದರೆ ‘ಗುಲಾಬ್’ ಎಂಬುದು ಮೊದಲಿಗೆ ಹೂವಿನ ನೀರಿನ ಹೆಸರು. ಅದೇ ಹೂವಿಗೂ ಬಂದು, ಹೂವಿನಿಂದ ಬಣ್ಣಕ್ಕೂ ಬಂತು. ನಾವು ‘ಗುಲಾಬಿ ಬಣ್ಣ’ ಎಂದಾಗ ಕಡುಗೆಂಪನ್ನು ಹೇಳುವುದಿಲ್ಲ, ನಸುಗೆಂಪನ್ನೇ ಹೇಳುತ್ತೇವೆ.

ಆ ನೀರನ್ನು ಕೊಡುವ ಹೂವು ಡಮಾಸ್ಕ್ ಗುಲಾಬಿ. ನಮ್ಮ ದೇಶದಲ್ಲಿ ಪುಷ್ಕರ, ಕನ್ನೌಜ್ ಮುಂತಾದ ಕಡೆ ಇದರ ಕೆಲಸ ಬಹಳ ಕಾಲದಿಂದ ನಡೆದಿದೆ. ಬಿಸಿಲೇರಿದರೆ ಪರಿಮಳ ಹಾರಿಹೋಗುವುದರಿಂದ ಹೂವನ್ನು ಬೆಳಗಿನ ಜಾವವೇ ಕೊಯ್ಯುತ್ತಾರೆ. ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ ಕಾಯಿಸಿ, ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಅತ್ತರು ಬೇಕಾದರೆ ಆ ಪಾತ್ರೆಯಲ್ಲಿ ಗಂಧದೆಣ್ಣೆ ಇಡುವುದು ಹಳೆಯ ಪದ್ಧತಿ. ಒಂದು ಕಿಲೋ ಶುದ್ಧ ಗುಲಾಬಿ ತೈಲಕ್ಕೆ 3,000 ಕಿಲೋಗೂ ಮಿಕ್ಕಿ ಹೂವು ಬೇಕು. ನೂರಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರಿನ ಮೇಲೆ ತೇಲಿದ ಜಿಡ್ಡನ್ನು ಕಂಡು ಅತ್ತರನ್ನು ಸಂಗ್ರಹಿಸಿದಳೆಂದು ಬಾದಷಹ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಈ ಹಳೆಯ ಗುಲಾಬಿಗೆ ಒಂದು ಕೊರತೆಯಿತ್ತು. ಅದು ವರ್ಷದಲ್ಲಿ ಒಂದೆರಡು ಸಲ ಮಾತ್ರ ಹೂಬಿಡುತ್ತಿತ್ತು. ಚೀನಾದ ನಸುಗೆಂಪು ಗುಲಾಬಿಗೆ ಪರಿಮಳ ಕಡಿಮೆ, ಆದರೆ ಅದು ತಿಂಗಳು ತಿಂಗಳೂ ಅರಳುತ್ತಿತ್ತು. 18ನೆಯ ಶತಮಾನದಲ್ಲಿ ಅದು ಯೂರೋಪನ್ನು ಸೇರಿತು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ (ಈಗಿನ ರೆಯೂನಿಯನ್) ಜನರು ಈ ಎರಡು ಜಾತಿಗಳನ್ನೂ ಹೊಲದ ಬೇಲಿಗೆ ನೆಡುತ್ತಿದ್ದರು. ಬೇಲಿಯಲ್ಲಿಯೇ ಅವು ಬೆರೆತವು. ಹಾಗೆ ಹುಟ್ಟಿದ ಹೊಸ ಗಿಡವನ್ನು 1817ರ ಸುಮಾರಿಗೆ ಬ್ರೆಯೋನ್ ಎಂಬ ಫ್ರೆಂಚ್ ಸಸ್ಯಜ್ಞ ಗುರುತಿಸಿದ. ನಮ್ಮಲ್ಲಿ ಬಿಡಿ ಹೂವಿಗಾಗಿ ಬೆಳೆಯುವ ‘ಎಡ್ವರ್ಡ್’ ಗುಲಾಬಿ ಈ ಬೂರ್ಬೋನ್ ಕುಲದ್ದೇ. ಮುಂದೆ 1867ರಲ್ಲಿ ಫ್ರಾನ್ಸಿನ ಗಿಯೋ ಹೊರತಂದ ‘ಲಾ ಫ್ರಾನ್ಸ್’ ಎಂಬ ಗುಲಾಬಿಯಿಂದ ಆಧುನಿಕ ಗುಲಾಬಿಗಳ ಕಾಲ ಆರಂಭವಾಯಿತೆಂದು ತೋಟಗಾರರು ಎಣಿಸುತ್ತಾರೆ. ಅದೂ ನಸುಗೆಂಪಿನದೇ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ಬೇರೂರುವುದು ನಮಗಷ್ಟೇ ಅಲ್ಲ, ಈ ಹೂವಿಗೂ ಗೊತ್ತು.

ಇನ್ನು ಅರ್ಥದ ಮಾತು. 19ನೆಯ ಶತಮಾನದಲ್ಲಿ ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ‘ಹೂವಿನ ಭಾಷೆ’ಯ ಪುಸ್ತಕಗಳು ಬಹಳ ಪ್ರಚಾರಕ್ಕೆ ಬಂದವು. ಒಂದೊಂದು ಹೂವಿಗೂ ಒಂದೊಂದು ಅರ್ಥ. ಆದರೆ ಒಂದು ಪುಸ್ತಕದ ಅರ್ಥ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಇಂದಿನ ರೂಢಿಯಲ್ಲಿ ಕೆಂಪು ಗುಲಾಬಿ ಪ್ರೇಮಕ್ಕೆ, ನಸುಗೆಂಪು ಕೃತಜ್ಞತೆಗೆ, ಮೆಚ್ಚುಗೆಗೆ, ಸೌಮ್ಯತೆಗೆ ಎಂದು ಎಣಿಸುತ್ತಾರೆ. ಇದು ಜನರು ಮಾಡಿಕೊಂಡ ಕಟ್ಟಳೆ, ಹೂವು ಹೇಳಿದ್ದಲ್ಲ.

ನಮ್ಮವರಿಗೆ ಪರದೇಶದ ಪುಸ್ತಕವೂ ಬೇಕಿಲ್ಲ. ಊರಿನ ಮದುವೆಗಳಲ್ಲಿ ಬಾಗಿಲಲ್ಲಿ ನಿಂತು ಪನ್ನೀರುದಾನಿಯಿಂದ ಬಂದವರ ಮೇಲೆ ಚಿಮುಕಿಸುವುದು ಏನನ್ನು? ಗುಲಾಬಿಯ ನೀರನ್ನೇ. ಅಜ್ಜನಿಗೂ ಅದೇ, ಬೀಗರಿಗೂ ಅದೇ, ಗುರುತಿಲ್ಲದ ಅತಿಥಿಗೂ ಅದೇ. ಅಲ್ಲಿ ಯಾರೂ ನಗುವುದಿಲ್ಲ. “ನೀವು ಬಂದದ್ದು ಸಂತೋಷ” ಎಂಬುದೇ ಅದರ ಅರ್ಥ.

ಆ ತರುಣ ಸದಸ್ಯರು ಇದನ್ನು ಓದುವರೆಂದು ನಂಬಿದ್ದೇವೆ. ನಾಲ್ಕು ಹೂವು ಬಾಡಿದ್ದರೇನು, ಪೇಟೆಯಲ್ಲಿ ದಿನವೂ ಹೊಸ ಹೂವು ಬರುತ್ತದೆ. ಕೊಡುವಾಗ “ನಿಮ್ಮಿಂದ ಗುಣವಾದೆ, ಸಿಸ್ಟರ್” ಎಂದು ಬಾಯಿಬಿಟ್ಟು ಹೇಳಿದರೆ ಯಾವ ತಪ್ಪರ್ಥಕ್ಕೂ ಎಡೆಯಿರದು. ಅಂದು ನಗೆಯಾಡಿದ ಗೆಳೆಯರಲ್ಲಿ ಒಬ್ಬರು ಜೊತೆಗೆ ಹೋದರೆ ಇನ್ನೂ ಒಳ್ಳೆಯದು.