ಹಾಲಿನ ಚೀಟಿ ಓದುವ ಮಗಳನ್ನು ಮುಂದೆ ಓದಿಸಿ



ಭದ್ರಾವತಿ ಕಡೆಯ ಒಂದು ಹಳ್ಳಿಗೆ ಬೇಸಿಗೆಯಲ್ಲಿ ಹಸು ನೋಡಲು ಹೋಗಿದ್ದೆ. ತೊಂದರೆ ಏನೆಂದು ಹೇಳಿದವಳು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದ ಮನೆಮಗಳು. ಡೇರಿಯ ಚೀಟಿಗಳನ್ನು ಜೋಡಿಸಿಟ್ಟು, "ಮೇಡಂ, ಹತ್ತು ದಿನದಲ್ಲಿ ಫ್ಯಾಟ್ 3.9ರಿಂದ 3.2ಕ್ಕೆ ಇಳಿದಿದೆ, ಹಾಲು ಮಾತ್ರ ಅಷ್ಟೇ ಇದೆ" ಎಂದಳು. ಒಣಹುಲ್ಲು ತೀರಿ, ಹಿಂಡಿ ಹೆಚ್ಚಾಗಿತ್ತು. ನಾರಿನಂಶ ಕಡಿಮೆಯಾದರೆ ಫ್ಯಾಟ್ ಇಳಿಯುತ್ತದೆ. ಹುಲ್ಲು ಹೆಚ್ಚಿಸಲು ಹೇಳಿದೆ. ಹೊರಡುವಾಗ, ಮಗಳನ್ನು ಮುಂದೇನು ಓದಿಸುತ್ತೀರಿ ಎಂದು ಕೇಳಿದೆ. "ಹೆಣ್ಣುಮಗು, ಇಷ್ಟು ಸಾಕು ಮೇಡಂ" ಎಂದರು ತಂದೆ. ನಾನು ಸುಮ್ಮನೆ ಬಂದುಬಿಟ್ಟೆ.

ಇಂದು ನಮ್ಮ ಕಸುಬಿನಲ್ಲೇ ತಂತ್ರಜ್ಞಾನವಿದೆ. ಫ್ಯಾಟ್ ಅಳೆಯುವ ಯಂತ್ರ ಎಲೆಕ್ಟ್ರಾನಿಕ್ಸ್. ಹಾಲನ್ನು 4 ಡಿಗ್ರಿಗೆ ತಣಿಸುವ ಬಲ್ಕ್ ಕೂಲರ್ ಮೆಕ್ಯಾನಿಕಲ್, ಎಲೆಕ್ಟ್ರಿಕಲ್. ಹಸುವಿನ ಕಿವಿಯೋಲೆಯ 12 ಅಂಕಿಯ ಹಿಂದೆ ಇರುವುದು ಕಂಪ್ಯೂಟರ್. ಇವನ್ನು ನಡೆಸುವ, ರಿಪೇರಿ ಮಾಡುವ ಕೆಲಸ ನಮ್ಮ ಹೆಣ್ಣುಮಕ್ಕಳಿಗೂ ಸಿಗಬೇಕು.

ಇದು ಹೊಸ ಮಾತಲ್ಲ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ, ಮೈಕ್ರೋವೇವ್ ಮತ್ತು ಆಂಟೆನಾ ಕುರಿತು ಕೆಲಸ ಮಾಡಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬ್ಯಾಗು ಹಿಡಿದು ಕೊಟ್ಟಿಗೆಗೆ ಹೋದರೆ "ಡಾಕ್ಟ್ರು ಬರಲಿಲ್ವಾ?" ಎಂದು ಕೇಳುತ್ತಿದ್ದರು. ಈಗ ಅದೇ ಮನೆಯವರು ರಾತ್ರಿ ಕರು ಅಡ್ಡ ಬಂದರೆ ನನಗೇ ಫೋನ್ ಮಾಡುತ್ತಾರೆ.

ಓದಿನ ದಾರಿಗಳು

1. ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ. ಭದ್ರಾವತಿಯಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ.
2. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ 2ನೇ ವರ್ಷಕ್ಕೆ ನೇರ ಪ್ರವೇಶ.
3. ಪಿಯುಸಿ ವಿಜ್ಞಾನದ ನಂತರ ಸಿಇಟಿ ಬರೆದು ಎಂಜಿನಿಯರಿಂಗ್. ಶಿವಮೊಗ್ಗದಲ್ಲಿ ಜೆಎನ್‌ಎನ್ ಕಾಲೇಜಿದೆ. ಹೈನು ತಂತ್ರಜ್ಞಾನದ ಬಿ.ಟೆಕ್‌ಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜಿದೆ.

ನೀವು ಕೇಳುವ ಪ್ರಶ್ನೆಗಳು

ದುಡ್ಡು ಎಲ್ಲಿಂದ? ಎಐಸಿಟಿಇ ಮಾನ್ಯತೆಯ ಕಾಲೇಜಿಗೆ ಸೇರಿದ ಹೆಣ್ಣುಮಕ್ಕಳಿಗೆ 'ಪ್ರಗತಿ' ವಿದ್ಯಾರ್ಥಿವೇತನವಿದೆ, ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವರಮಾನ 8 ಲಕ್ಷ ಮೀರಿರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶ. ಅಂಕದ ಮೇಲೆ ಆಯ್ಕೆಯಾಗುವುದರಿಂದ ಎಲ್ಲರಿಗೂ ಸಿಗುತ್ತದೆಂದು ಹೇಳಲಾರೆ, ಅರ್ಜಿಯನ್ನಂತೂ ಹಾಕಲೇಬೇಕು.

ಓಡಾಟ ಹೇಗೆ? ಜೂನ್ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಕಡೆ ಓಡುವ ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ; ಸರ್ಕಾರಿ ಬಸ್ಸಿನ ಸಮಯ ತಿಳಿದುಕೊಳ್ಳಿ.

ಕೊಟ್ಟಿಗೆ ಕೆಲಸಕ್ಕೆ ಯಾರು? ಸಗಣಿ ಬಾಚುವುದು, ಹುಲ್ಲು ಹಾಕುವುದು ಅಣ್ಣತಮ್ಮಂದಿರಿಗೂ ಬರುತ್ತದೆ. ಪರೀಕ್ಷೆಯ ದಿನಗಳಲ್ಲಾದರೂ ಮಗಳಿಗೆ ಬೆಳಗಿನ ಕರಾವಿನಿಂದ ಬಿಡುವು ಕೊಡಿ.

ಕೆಲವು ತಿಂಗಳ ಬಳಿಕ ಅದೇ ಮನೆಗೆ ಗಬ್ಬ ಪರೀಕ್ಷೆಗೆ ಹೋದೆ. ಫ್ಯಾಟ್ ಸರಿಹೋಗಿತ್ತು. ತಂದೆ ತಾವಾಗಿಯೇ, "ಪಾಲಿಟೆಕ್ನಿಕ್ ಅರ್ಜಿ ಯಾವಾಗ ಮೇಡಂ?" ಎಂದು ಕೇಳಿದರು. ಆ ವರ್ಷದ ದಿನಾಂಕ ಮುಗಿದುಹೋಗಿತ್ತು. ಮೊದಲ ದಿನವೇ ಐದು ನಿಮಿಷ ಕೂತು ಹೇಳಿದ್ದರೆ ಆ ಹುಡುಗಿಗೆ ಒಂದು ವರ್ಷ ಉಳಿಯುತ್ತಿತ್ತು. ಆ ತಪ್ಪು ನನ್ನದು.

ಕಾಲುಬಾಯಿ ಲಸಿಕೆಯ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಮಗಳ ಅರ್ಜಿಯ ಕೊನೆಯ ದಿನಕ್ಕೂ ಗುರುತು ಹಾಕಿ.