ಪಾತ್ರೆಯ ಲೋಹವು ಬಂದ ದಾರಿ

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅನ್ನ ಬೇಯುವದು ಅಲ್ಯುಮಿನಿಯಮ್ ಪಾತ್ರೆಯಲ್ಲಿ. ಸಂತೆಯಲ್ಲಿ ಅದನ್ನು ಕೊಳ್ಳುವಾಗ ತೂಕವನ್ನೂ ಕ್ರಯವನ್ನೂ ವಿಚಾರಿಸುತ್ತೇವೆ. ಯಾರ ಬೆಟ್ಟದಿಂದ ಬಂತೆಂದು ವಿಚಾರಿಸುವದಿಲ್ಲ. ಈ ಪಾಠದಲ್ಲಿ ಅದನ್ನೇ ವಿಚಾರಿಸೋಣ.

ಈ ಲೋಹವು ಬಾಕ್ಸೈಟ್ ಎಂಬ ಕೆಂಪು ಅದಿರಿನಲ್ಲಿ ಅಡಗಿರುವದು. ನಾಲ್ಕೈದು ಟನ್ನು ಅದಿರನ್ನು ಕಾಸ್ಟಿಕ್ ಸೋಡಾದಿಂದ ಶುದ್ಧಿಮಾಡಿದರೆ ಸುಮಾರು ಎರಡು ಟನ್ನು ಬಿಳೀ ಪುಡಿ. ಆ ಪುಡಿಗೆ ವಿದ್ಯುಚ್ಛಕ್ತಿಯನ್ನು ಹಾಯಿಸಿದರೆ ಒಂದು ಟನ್ನು ಲೋಹ. (ಪುಡಿ ಮಾಡುವ ಕಾರ್ಖಾನೆ ನಮ್ಮ ಬೆಳಗಾವಿಯಲ್ಲಿಯೂ ಉಂಟು.) ಬಳಿಕ ಅದು ತಗಡಾಗಿ, ತಂತಿಯಾಗಿ, ಪಾತ್ರೆಯಾಗಿ ಕೈಯಿಂದ ಕೈಗೆ ದಾಟುವದು. ಇಷ್ಟರಲ್ಲಿ ಮೊದಲನೆಯ ಕೈ ಯಾರದೆಂಬದು ಮರೆತುಹೋಗುವದು.

ಒಡಿಶಾದ ರಾಯಗಡ ಜಿಲ್ಲೆಯ ಕಾಶಿಪುರ ಸೀಮೆಯಲ್ಲಿ ಬಾಫ್ಲಿಮಾಲಿ ಎಂಬ ಬೆಟ್ಟವುಂಟು. ಅದರ ನೆತ್ತಿಯೆಲ್ಲಾ ಈ ಅದಿರು. ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ಬಿಡುವದು ಈ ನೆತ್ತಿಯೇ ಎಂದು ಕೆಳಗೆ ವಾಸಿಸುವ ಆದಿವಾಸಿಗಳು ಹೇಳುವರು. 1990ರ ದಶಕದಲ್ಲಿ ಉತ್ಕಲ್ ಅಲ್ಯುಮಿನಾ ಎಂಬ ಕಂಪೆನಿಯು ಗಣಿಯನ್ನೂ ಕಾರ್ಖಾನೆಯನ್ನೂ ಮಾಡಲುದ್ಯುಕ್ತವಾದಾಗ ಅವರು ನೆಲ ಕೊಡಲೊಲ್ಲೆವೆಂದರು. 2000ನೇ ಇಸವಿ ದಶಂಬರ 16ರಂದು ಪೊಲೀಸರು ಮೈಕಂಚವೆಂಬ ಹಳ್ಳಿಗೆ ಬಂದು ಗುಂಡು ಹಾರಿಸಿದರು. ಮೂವರು ಸತ್ತರು, ಹಲವರು ಗಾಯಗೊಂಡರು. ಬೆಳೆಯುವ ನೆಲವನ್ನೂ ಕುಡಿಯುವ ನೀರನ್ನೂ ಉಳಿಸಿಕೊಳ್ಳಬೇಕೆಂದವರಿಗೆ ಈ ಉತ್ತರವೇ?

ಕಂಪೆನಿಯಲ್ಲಿ ನಾರ್ವೆ ದೇಶದ ಹೈಡ್ರೋ ಸಂಸ್ಥೆಗೂ ಪಾಲಿತ್ತು. ತಮ್ಮ ಹಣವು ಅಲ್ಲಿ ಏನು ಮಾಡುತ್ತಿದೆಯೆಂದು ಆ ದೇಶದಲ್ಲಿ ಕೆಲವರು ಕೇಳಿದರು. 2001ರಲ್ಲಿ ಹೈಡ್ರೋ ಹಿಂದೆ ಸರಿಯಿತು. 2007ರಲ್ಲಿ ಕೆನಡಾದ ಆಲ್ಕ್ಯಾನ್ ಸಹ ಬಿಟ್ಟುಹೋಯಿತು. ಆದರೂ ಹಿಂಡಾಲ್ಕೊ ಎಲ್ಲಾ ಪಾಲನ್ನು ವಹಿಸಿಕೊಂಡಿತು, ಕಾರ್ಖಾನೆ ಎದ್ದಿತು. ಪಾಲು ಮಾರಿದರೆ ಸತ್ತವರ ಲೆಕ್ಕವೂ ಮಾರಿಹೋಗುವದೋ? ಹಾಗೆ ಹೋಗದೆಂದೇ ನಮ್ಮ ಎಣಿಕೆ.

ವ್ಯಾಪಾರದ ಲೆಕ್ಕದಿಂದ ನೋಡಿದರೂ ಜನರನ್ನು ಕೇಳದೆ ತೊಡಗುವದು ಅಪಾಯದ ಕೆಲಸ. ಅದೇ ಸೀಮೆಯ ನಿಯಮಗಿರಿ ಬೆಟ್ಟವನ್ನು ನೋಡಿರಿ. ಅಗೆಯಲು ಅಪ್ಪಣೆ ದೊರೆಯುವ ಮೊದಲೇ ವೇದಾಂತ ಕಂಪೆನಿಯು ಅದರ ಬುಡದಲ್ಲಿ, ಲಾಂಜಿಗಡದಲ್ಲಿ, ಕಾರ್ಖಾನೆ ಕಟ್ಟಿತು. ಬೆಟ್ಟದ ಡೋಂಗ್ರಿಯಾ ಕೊಂಧರು ಒಪ್ಪಲಿಲ್ಲ. ಇಂಗ್ಲೆಂಡಿನ ಸಭೆಯು ಈ ಕಂಪೆನಿಯಲ್ಲಿಟ್ಟಿದ್ದ ತನ್ನ ಷೇರುಗಳನ್ನು 2010ರಲ್ಲಿ ಮಾರಿಬಿಟ್ಟಿತು. ದೇವಾಲಯದ ಹಣವು ಯಾವ ಬೆಟ್ಟವನ್ನು ಅಗೆಯಹೊರಟಿದೆಯೆಂದು ಸಭೆಯವರೇ ಕೇಳಬೇಕಾಯಿತು. 2012ರ ದಶಂಬರದಲ್ಲಿ ಅದಿರಿಲ್ಲದೆ ಕಾರ್ಖಾನೆ ಮುಚ್ಚಿತು. ತಿರಿಗಿ ತೆರೆದದ್ದು ಮರುವರುಷದ ಜುಲೈಯಲ್ಲಿ. ಅದೇ 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನೇ ಕೇಳಿರಿ ಎಂದಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಕೂಡಿದವು. ಹನ್ನೆರಡೂ ಒಲ್ಲೆವೆಂದವು. ಕಾರ್ಖಾನೆಯವರು ಅದಿರನ್ನು ಬೇರೆ ಕಡೆಗಳಿಂದ ತರಿಸಿಕೊಳ್ಳಬೇಕಾಯಿತು.