ತೊಡೆಗೆ ಕಟ್ಟಿದ ಕೆಂಪು ಹಗ್ಗ

ಮಲ್ಪೆಯ ಕಡಲಲ್ಲಿ ಹದಿನಾರು ವರ್ಷ ಔಟ್‌ಬೋರ್ಡ್ ಎಂಜಿನ್ನಿನ ಸಣ್ಣ ಬೋಟು ಓಡಿಸಿದವನು ನಾನು. ಈಗ ಮೊಣಕಾಲು ಕೈಕೊಟ್ಟಿದೆ, ಹೊಸ ಹುಡುಗರಿಗೆ ಕಲಿಸುತ್ತೇನೆ. ಎಂಜಿನ್ನಿನ ಜೊತೆ ಒಂದು ಕೆಂಪು ಸುರುಳಿ ಹಗ್ಗ ಬರುತ್ತದೆ. ಒಂದು ತುದಿಯ ಪ್ಲಾಸ್ಟಿಕ್ ಕ್ಲಿಪ್ಪು ಕಿಲ್ ಸ್ವಿಚ್ಚಿಗೆ, ಇನ್ನೊಂದು ತುದಿಯ ಕೊಕ್ಕೆ ಓಡಿಸುವವನ ಮೈಗೆ. ಅವನು ಬಿದ್ದರೆ ಕ್ಲಿಪ್ಪು ಕಿತ್ತು ಬರುತ್ತದೆ, ಎಂಜಿನ್ ನಿಲ್ಲುತ್ತದೆ. ಇಷ್ಟೇ ಸಂಗತಿ. ಆದರೂ ಎಷ್ಟೋ ಬೋಟುಗಳಲ್ಲಿ ಕೊಕ್ಕೆ ಹ್ಯಾಂಡಲ್ಲಿಗೇ ಸುತ್ತಿಕೊಂಡು ಕೂತಿರುತ್ತದೆ. ನನ್ನ ಬೋಟಿನಲ್ಲೂ ಮೊದಲ ಐದು ವರ್ಷ ಹಾಗೇ ಇತ್ತು.

1. ಬಿಟ್ಟ ಬೋಟು ತಿರುಗಿ ಬರುತ್ತದೆ

ಜನರನ್ನು ಇಳಿಸಿ ಒಬ್ಬನೇ ಮರಳುತ್ತಿದ್ದೆ. ಅಳಿವೆಯ ಹೊರಗೆ ಪಕ್ಕದಿಂದ ಒಂದು ಅಲೆ ಬಡಿಯಿತು, ನಾನು ನೀರಲ್ಲಿದ್ದೆ. ಬೋಟು ತನ್ನ ಪಾಡಿಗೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಹಿಡಿಯುವ ಕೈ ಇಲ್ಲದಾಗ ಪ್ರೊಪೆಲ್ಲರಿನ ಸೆಳೆತಕ್ಕೆ ಎಂಜಿನ್ ತಾನಾಗಿ ಒಂದು ಕಡೆಗೆ ಹೊರಳುತ್ತದೆ, ಬೋಟು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಗಾಳಿ ಅದನ್ನು ಸ್ವಲ್ಪ ಸ್ವಲ್ಪ ನನ್ನ ಕಡೆ ಸರಿಸುತ್ತಿತ್ತು. ಲೈಫ್ ಜಾಕೆಟ್ ಇದ್ದುದರಿಂದ ಮುಳುಗಿ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಮೂರನೇ ಸುತ್ತಿನಲ್ಲಿ ಬಿಳಿ ನೊರೆಯ ನಡುವೆ ರೆಕ್ಕೆಗಳ ಹೊಳಪು ಕಂಡಿತು. ಪಕ್ಕದ ನಾಡದೋಣಿಯ ತಾಂಡೇಲರು ಹಳೆಯ ಬಲೆಹಗ್ಗವನ್ನು ಅದರ ದಾರಿಗೆ ಎಸೆದರು. ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ಕೆಮ್ಮಿ ನಿಂತಿತು. ಆಮೇಲೆ ಲೆಕ್ಕ ಹಾಕಿದೆ: ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿ, ಗೇರು ಅದನ್ನು ಅರ್ಧಕ್ಕೆ ಇಳಿಸಿದರೂ, ಮೂರು ರೆಕ್ಕೆಯ ಪ್ರೊಪೆಲ್ಲರ್ ಒಂದು ಸೆಕೆಂಡಿಗೆ 125 ಏಟು ಹಾಕುತ್ತದೆ.

2. ಎಲ್ಲಿ ಸಿಕ್ಕಿಸಬೇಕು

ಮೊಣಕಾಲಿನ ಮೇಲೆ ತೊಡೆಗೆ ಒಂದು ಸುತ್ತು ಹಾಕಿ, ಕೊಕ್ಕೆಯನ್ನು ಹಗ್ಗಕ್ಕೇ ಸಿಕ್ಕಿಸಿ. ಇಲ್ಲವೇ ಲೈಫ್ ಜಾಕೆಟ್ಟಿನ ಗಟ್ಟಿ ಪಟ್ಟಿಗೆ ಹಾಕಿ. ಜಿಪ್ಪಿಗೆ, ಜೇಬಿಗೆ ಬೇಡ. ಮಣಿಕಟ್ಟಿನಿಂದ ಒದ್ದೆ ಹಗ್ಗ ಜಾರುತ್ತದೆ. ಲುಂಗಿಗೆ ಸಿಕ್ಕಿಸುವ ಹಿರಿಯರನ್ನೂ ಕಂಡಿದ್ದೇನೆ. ಲುಂಗಿ ಬಿಚ್ಚಿ ಬೋಟಿನಲ್ಲೇ ಉಳಿದರೆ, ಎಂಜಿನ್ನಿನ ಪಾಲಿಗೆ ಅವರಿನ್ನೂ ಬೋಟಿನಲ್ಲೇ ಇದ್ದಾರೆ!

3. "ಇಲ್ಲೇ ಒಂದು ರೌಂಡ್ ಅಲ್ವಾ ಅಣ್ಣ, ಎಂತಕ್ಕೆ ಕಟ್ಟೂದು?"

ನಾನು ಬಿದ್ದದ್ದೂ ದಡ ಕಾಣುವಷ್ಟು ಹತ್ತಿರದಲ್ಲೇ.

4. ಹಗ್ಗದ ಮೇಲಿನ ದೂರಿನಲ್ಲಿ ಅರ್ಧ ಸತ್ಯವಿದೆ

ಮೀನುಗಾರ ಗೆಳೆಯರು ಹೇಳುವ ಮಾತು ಸುಳ್ಳಲ್ಲ. ಅಳಿವೆಯಲ್ಲಿ ಅಲೆ ಎದುರಿಸುತ್ತಿರುವಾಗ ಹಗ್ಗ ಎಲ್ಲೋ ತಗಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ಬೀಳುತ್ತದೆ, ಮಗುಚಲೂಬಹುದು. ಆದರೆ ಹಗ್ಗ ತಗಲುವುದು ಅದು ಸಡಿಲವಾಗಿ ಜೋತಾಡುವಾಗ, ಇಲ್ಲವೇ ಪೆಟ್ರೋಲ್ ಕ್ಯಾನು, ಬಲೆ, ಚಪ್ಪಲಿ ಎಲ್ಲ ಕಾಲಬಳಿ ರಾಶಿ ಬಿದ್ದಿರುವಾಗ. ಕಾಲಬಳಿ ಚೊಕ್ಕಟವಿಟ್ಟು, ಎದ್ದು ನಿಂತರೂ ಎಳೆಯದಷ್ಟು ಉದ್ದ ಬಿಟ್ಟುಕೊಂಡರೆ ಸಾಕು. ಹನ್ನೊಂದು ವರ್ಷದಲ್ಲಿ ನನಗೆ ಎರಡೇ ಸಲ ತಪ್ಪಿ ಕಿತ್ತು ಬಂದಿದೆ. ಕ್ಲಿಪ್ಪು ಮತ್ತೆ ಒತ್ತಿ ಎಂಜಿನ್ ಶುರು ಮಾಡುವುದು ಕೆಲವೇ ಸೆಕೆಂಡಿನ ಕೆಲಸ. ಅದನ್ನು ಸಮಾಧಾನದ ನೀರಿನಲ್ಲಿ, ಕಣ್ಣುಮುಚ್ಚಿ ಅಭ್ಯಾಸ ಮಾಡಿಸುತ್ತೇನೆ.

5. ದಿನದ ಮೊದಲ ಕೆಲಸ, ಹಗ್ಗ ಎಳೆಯುವುದು

ಇದು ಯಾರೂ ಹೇಳಿಕೊಡದ ಪಾಠ. ಹೆಚ್ಚಿನ ಔಟ್‌ಬೋರ್ಡುಗಳಲ್ಲಿ ಕ್ಲಿಪ್ಪು ಕಿತ್ತಾಗ ಸ್ವಿಚ್ಚಿನ ಒಳಗಿನ ಎರಡು ತಗಡು ಕೂಡಿ, ಇಗ್ನಿಷನ್ನಿನ ಕರೆಂಟನ್ನು ಅರ್ಥಿಗೆ ಹರಿಸುತ್ತವೆ. ಕಿಡಿ ಹುಟ್ಟುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಆ ತಗಡಿಗೆ ಉಪ್ಪು ಹಿಡಿದರೆ ಅವು ಕೂಡುವುದಿಲ್ಲ, ಕ್ಲಿಪ್ಪು ಕಿತ್ತರೂ ಎಂಜಿನ್ ಓಡುತ್ತಲೇ ಇರುತ್ತದೆ. ಸ್ವಿಚ್ಚು ಹಾಳಾದದ್ದು ಓಡಿಸುವಾಗ ಗೊತ್ತೇ ಆಗುವುದಿಲ್ಲ, ಬಿದ್ದ ಮೇಲೇ ಗೊತ್ತಾಗುವುದು. ಅದಕ್ಕೇ ನಾವು ಸಂಜೆ ಎಂಜಿನ್ ನಿಲ್ಲಿಸುವುದು ಕೂಡ ಬಟನ್ ಒತ್ತಿ ಅಲ್ಲ, ಹಗ್ಗ ಎಳೆದು.

ಬಿಸಿಲಿಗೆ ಬಣ್ಣ ಮಾಸಿ, ಸುರುಳಿ ಬಿಗಿ ಕಳೆದುಕೊಂಡ ಹಗ್ಗ ಎಸೆಯಿರಿ. ತುಂಡಾದದ್ದಕ್ಕೆ ಗಾಳದ ದಾರ ಗಂಟು ಹಾಕಬೇಡಿ.

6. ಕೈ ಬದಲಾದಾಗ ಎಂಜಿನ್ ಬಂದ್

2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಪ್ಯಾಡ್‌ಸ್ಟೋ ಬಳಿಯ ಕ್ಯಾಮಲ್ ನದಿಯ ಅಳಿವೆಯಲ್ಲಿ ಆರು ಜನರ ಒಂದು ಕುಟುಂಬ ಸ್ಪೀಡ್ ಬೋಟಿನಲ್ಲಿತ್ತು. ಹೆಂಡತಿಯ ಕೈಯಲ್ಲಿದ್ದ ಬೋಟನ್ನು ಗಂಡ ತನ್ನ ಕೈಗೆ ತೆಗೆದುಕೊಂಡು ತಿರುಗಿಸಿದಾಗ ಆರೂ ಜನ ನೀರಿಗೆ ಬಿದ್ದರು. ಹಗ್ಗ ಓಡಿಸುವವರ ಮೈಮೇಲೆ ಇರಲಿಲ್ಲ. ಸುತ್ತು ಹೊಡೆಯುತ್ತ ಬಂದ ಬೋಟಿನಡಿ ತಂದೆಯೂ ಎಂಟು ವರ್ಷದ ಮಗಳೂ ಸತ್ತರು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕ ಬೋಟು ವೇಗವಾಗಿ ಓಡಿಸುವಾಗ ಇಂಥ ಹಗ್ಗ ಹಾಕಿಕೊಳ್ಳುವುದು ಕಾನೂನೇ ಆಗಿದೆ. ನಮ್ಮಲ್ಲಿ ಪ್ರವಾಸಿಗರು "ಸ್ವಲ್ಪ ನಾನು ಓಡಿಸ್ಲಾ?" ಎನ್ನುತ್ತಾರೆ. ಕೊಡಬೇಡಿ. ಜೊತೆಗಾರನಿಗೆ ಕೊಡುವುದಾದರೆ ಎಂಜಿನ್ ನಿಲ್ಲಿಸಿ, ಅವನ ತೊಡೆಗೆ ಹಗ್ಗ ಕಟ್ಟಿಸಿ, ಆಮೇಲೆ ಶುರು ಮಾಡಿಸಿ.

7. ಇನ್ನೊಂದು ಹಗ್ಗ ಬೋಟಿನಲ್ಲಿರಲಿ

ಚಾಲಕ ಬಿದ್ದರೆ ಹಗ್ಗವೂ ಅವನೊಂದಿಗೆ ಹೋಯಿತು. ಕ್ಲಿಪ್ಪಿಲ್ಲದೆ ಎಂಜಿನ್ ಶುರುವಾಗದು; ಅವನನ್ನು ಹೋಗಿ ಎತ್ತಬೇಕಾದ ಬೋಟು ಸುಮ್ಮನೆ ತೇಲುತ್ತದೆ. ಒಮ್ಮೆ ನನ್ನ ಶಿಷ್ಯನೊಬ್ಬ ಬಿದ್ದಾಗ ಬದಲಿ ಹಗ್ಗವೇನೋ ಬೋಟಿನಲ್ಲಿತ್ತು, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಬೀಗದ ಕೈ ಅವನ ಸೊಂಟದಲ್ಲಿತ್ತು. ಎಲ್ಲರಿಗೂ ಕಾಣುವಂತೆ ಮೊಳೆಗೆ ತೂಗುಹಾಕಿ. ಕಂಪನಿಯಿಂದ ಕಂಪನಿಗೆ ಕ್ಲಿಪ್ಪಿನ ಆಕಾರ ಬೇರೆ, ನಿಮ್ಮ ಎಂಜಿನ್ನಿಗೆ ಕೂರುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

8. ನೀರಲ್ಲಿದ್ದವರನ್ನು ಹತ್ತಿಸುವಾಗ ನ್ಯೂಟ್ರಲ್ ಸಾಲದು

ಗೇರಿಗೆ ಯಾರದೋ ಮೊಣಕೈ ತಗಲುತ್ತದೆ. ಹಗ್ಗ ಎಳೆದೇಬಿಡಿ.

ಓದುತ್ತಿರುವ ನೀವು ಬೋಟು ಓಡಿಸುವವರು ಅಲ್ಲದಿರಬಹುದು. ಆದರೆ ಮುಂದಿನ ರಜೆಗೆ ಎಲ್ಲೋ ಒಂದು ಸ್ಪೀಡ್ ಬೋಟು ಹತ್ತುತ್ತೀರಿ. ಆಗ ಸೆಲ್ಫಿಗೆ ಮೊದಲು ಒಮ್ಮೆ ಚಾಲಕನ ತೊಡೆ ನೋಡಿ. ಕೆಂಪು ಹಗ್ಗ ಅಲ್ಲಿಲ್ಲದಿದ್ದರೆ, "ಕಟ್ಟಿಕೊಳ್ಳಿ ಅಣ್ಣ, ನಾವು ಕಾಯ್ತೇವೆ" ಅನ್ನಿ.